ಆ ಹೆಸರು ನಾ ಹೇಳಬಾರದು

"ಕೊಡ ಮುಟ್ಟಬ್ಯಾಡ್ರಿ!"

ಅನ್ನುವಷ್ಟರಲ್ಲಿ ಅವನ ಕೈ ತಾಗಿಯೇ ಬಿಟ್ಟಿತ್ತು. ಮಡಿಯಲ್ಲಿ ಸೇದಿದ ದೇವರ ನೀರು ಅದು!

ಲಕ್ಷ್ಮೇಶ್ವರದ ಹಳೇ ಪೇಟೆಯ ವಿಠ್ಠಲ ಗುಡಿ. ಅದರ ಹಿಂಬಾಗಿಲಿನಿಂದ ಬಾವಿಕಟ್ಟೆಗೆ ನುಗ್ಗಿದ್ದವನು ಹೈಸ್ಕೂಲಿಗೆ ಹೊಸದಾಗಿ ಬಂದ ಇತಿಹಾಸದ ಮಾಸ್ತರ. ಕಾಲಲ್ಲಿ ಬೂಟು, ಬೆನ್ನಹಿಂದೆ ಹುಡುಗರ ದಂಡು. ಅರ್ಚಕರ ಮಗಳು ವನಮಾಲಾ ಅವನನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ತುಂಬಿದ ಕೊಡ ಎತ್ತಿ ಆ ಬೂಟಿನ ಮೇಲೇ ಸುರಿದಳು.

"ಇನ್ನೊಂದು ಕೊಡ ಸೇದತೀನಿ. ಅಲ್ಲೀತನಕ ಹೊರಗ ನಿಲ್ರಿ."

ಅವನು ಸಿಟ್ಟಾಗಲಿಲ್ಲ. ಒದ್ದೆ ಬೂಟಿನಲ್ಲೇ ಹೊರಗೆ ಹೋಗಿ ನಿಂತ. ಆಮೇಲೆ ಅವಳು ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿದ. ಕುಡಿಯುವಾಗ ನಗುತ್ತಿದ್ದ. ಆ ನಗು ಅವಳಿಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ, ಅದು ಬೇರೆ ಮಾತು.

ಅದಾಗಿ ಒಂದು ವರ್ಷವಾಗಿದೆ. ಈಗ ೧೯೭೯.

ಹುಲಕೋಟಿಯ ಈ ಜಯತೀರ್ಥ ಮಾಸ್ತರನಿಗೆ ಒಂದು ಹುಚ್ಚಿತ್ತು. ಪರಊರಿನವರು ಯಾರೇ ಬರಲಿ, ಭಾನುವಾರ ಅವರನ್ನು ನಡೆಸಿಕೊಂಡು ಹೊರಡುವನು. "ಇದು ಹಿಂದಿನ ಪುಲಿಗೆರೆ. ಮುನ್ನೂರು ಹಳ್ಳಿಯ ನಾಡಿಗೆ ಇದ ರಾಜಧಾನಿ," ಎಂದು ಶಂಖ ಬಸದಿಯಿಂದ ಶುರುಮಾಡಿ, ಜುಮ್ಮಾ ಮಸೀದಿ, ಸೋಮೇಶ್ವರ ಗುಡಿ ತೋರಿಸಿ, ಕೊನೆಗೆ ವಿಠ್ಠಲ ಗುಡಿಗೆ ತಂದು ಕೂರಿಸುವನು. ಬಂದವರಲ್ಲಿ ಹೆಂಗಸರಿದ್ದರೆ ಜೊತೆಗೆ ವನಮಾಲಾ ಹೋಗಬೇಕು. ತಿರುಗಾಟ ಮುಗಿದ ಮೇಲೆ ಅವನಿಗೊಂದು ಲೋಟ ಮಜ್ಜಿಗೆ ಕೊಡಬೇಕು. ಅವರಿಬ್ಬರ ನಡುವೆ ಇದ್ದದ್ದು ಅಷ್ಟೇ. ಪ್ರೀತಿ ಗೀತಿ ಎಂದು ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಹೇಳದೇ ಇದ್ದರೂ ನಡೆಯುತ್ತದೆ ಎಂದುಕೊಂಡಿದ್ದರು, ಪಾಪ.

ಆ ಭಾನುವಾರ ಬೆಳಿಗ್ಗೆ, ಗುಡಿಯ ಮುಂದೆ ಹೂ ಮಾರುವ ಕಳಕವ್ವ ಸುದ್ದಿ ತಂದಳು.

"ಮಾಸ್ತರ ಅತ್ತಿ ಮಗಳು ಬಂದಾಳ ನೋಡವ್ವಾ, ಬೆಟಗೇರಿಯಿಂದ. ಲಗ್ನದ ಸುದ್ದಿ ಐತಂತ."

ವನಮಾಲಾಳ ಕೈಯ ತುಳಸಿ ಕೆಳಗೆ ಬಿತ್ತು. ಅತ್ತೆಯ ಮಗಳು… ಕೇಳಿ ತಗೊಳ್ಳುವ ಹಕ್ಕಿರುವ ಹುಡುಗಿ!

ಹುಡುಗಿ ಬಂದೇ ಬಂದಳು. ಹೆಸರು ಇಂದುಮತಿ. ಉದ್ದ ಜಡೆ, ಗುಲಾಬಿ ಸೀರೆ, ನಕ್ಕರೆ ಗಲ್ಲದಲ್ಲಿ ಗುಳಿ. ಆ ಗುಳಿಯನ್ನು ಕಂಡೇ ವನಮಾಲಾಗೆ ಮೈ ಉರಿಯಿತು.

"ವನಮಾಲಾ ಅವರ, ನೀವೂ ಬರ್ರಿ," ಎಂದ ಜಯತೀರ್ಥ.

ನನಗೆ 'ಅವರ'. ಅವಳಿಗೆ 'ಲೇ ಇಂದೂ'. ಆಗಲಿ.

ಶಂಖ ಬಸದಿಯ ಒಳಗೆ ಕತ್ತಲಿತ್ತು. ಇಂದುಮತಿ ಅವಸರದಿಂದ ಮುಂದೆ ಹೆಜ್ಜೆ ಇಟ್ಟಳು.

"ನಿಲ್ಲು. ಕಣ್ಣಿಗೆ ಕತ್ತಲಿ ರೂಢಿ ಆಗ್ಲಿ. ಆಮ್ಯಾಲೆ ತಾವ ಕಾಣಸ್ತಾವ, ಸಣ್ಣ ಸಣ್ಣ ಮೂರ್ತಿ," ಎಂದ ಅವನು.

ವನಮಾಲಾ ತುಟಿ ಕಚ್ಚಿಕೊಂಡಳು. 'ಆ ಮಾತು ನಂದು! ಹೋದ ವರ್ಷ ನಾನೇ ಇವನಿಗೆ ಇದೇ ಜಾಗದಲ್ಲಿ ಹೇಳಿದ್ದು. ಅದನ್ನು ತೆಗೆದು ಅವಳಿಗೆ ಕೊಟ್ಟನಲ್ಲ…' ಸೀರೆ ಕೊಡಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಮಸೀದಿಯ ಮುಂದೆ ಅತ್ತರು ಮಾರುವ ಖಾಜಾಸಾಬ ಕೈ ಎತ್ತಿ ಸಲಾಂ ಮಾಡಿದ. "ಏನ್ ಮಾಸ್ತರ, ಇವತ್ತ ಮನಿಮಂದಿನ್ನ ಕರಕೊಂಡ ಹೊಂಟೀರಿ?"

ಜಯತೀರ್ಥ ನಕ್ಕು "ಹೌದ್ರಿ" ಎಂದ. ಮನೆಮಂದಿ! ವನಮಾಲಾ ಅಲ್ಲಿಂದ ನಾಲ್ಕು ಮಾರು ಹಿಂದೆಯೇ ನಡೆದಳು.

ಹಿಂದೆ ನಡೆದದ್ದಕ್ಕೇ ಅವಳಿಗೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಇಂದುಮತಿ ಅವನನ್ನು "ಇಲ್ನೋಡು" ಎನ್ನುತ್ತಾಳೆ, "ಏ ಮಾಸ್ತರ" ಎನ್ನುತ್ತಾಳೆ, ತಪ್ಪಿಯೂ ಹೆಸರು ಹಿಡಿಯುವುದಿಲ್ಲ. ಈ ಕಡೆ ಹೆಣ್ಣು ಕೈಹಿಡಿಯುವವನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಯಾರಿಗೆ ಗೊತ್ತಿಲ್ಲ?

ವಿಠ್ಠಲ ಗುಡಿಯ ಪ್ರದಕ್ಷಿಣೆಯಲ್ಲಿ ಇಂದುಮತಿ ಹಿಂಬಾಗಿಲ ಹತ್ತಿರ ನಿಂತಳು. "ಇದರಾಚೆ ಏನದ?"

"ಅಲ್ಲೇನೂ ಇಲ್ಲ. ನಡಿ," ಎಂದ ಜಯತೀರ್ಥ.

ಏನೂ ಇಲ್ಲ… ಬಾವಿ ಇಲ್ಲ, ಕೊಡ ಇಲ್ಲ, ಬೊಗಸೆಯೊಡ್ಡಿ ನಿಂತ ಆ ಮಧ್ಯಾಹ್ನವೂ ಇಲ್ಲ. ವನಮಾಲಾಳ ಕಣ್ಣು ತುಂಬಿ ಬಂದವು.

ಗರ್ಭಗುಡಿಯಲ್ಲಿ ಅವಳ ತಂದೆ ತಮ್ಮಣ್ಣಾಚಾರ್ಯರು ಹೂ ಹಿಡಿದು ನಿಂತಿದ್ದರು.

"ಯಾರ ಹೆಸರಿಲೆ ಅರ್ಚನಿ ಮಾಡ್ಲೆವಾ?"

ಇಂದುಮತಿ ತಲೆ ತಗ್ಗಿಸಿದಳು. ಕಿವಿ ಕೆಂಪಾದವು. "ಆ ಹೆಸರು ನಾ ಹೇಳಬಾರದ್ರಿ. ಇವನ್ನ ಕೇಳ್ರಿ."

ಜಯತೀರ್ಥ ನಗುತ್ತ ಹೇಳಿದ, "ಜಯತೀರ್ಥ ಅಂತ್ರಿ." ಗೋತ್ರವನ್ನೂ ಹೇಳಿದ. ಅದು ವನಮಾಲಾಳ ಕಿವಿಗೆ ಬೀಳಲಿಲ್ಲ. ಅವಳು ಆ ಹೆಸರಿನ ಹತ್ತಿರವೇ ನಿಂತುಬಿಟ್ಟಿದ್ದಳು.

ಮಂಗಳಾರತಿ ಮುಗಿಸಿ ಬಂದ ಆಚಾರ್ಯರು ಮಗಳ ಹತ್ತಿರ ಮೆಲ್ಲಗೆ ಕೇಳಿದರು. "ಮುಂಡರಗಿಯವರು ನಿನ್ನ ನೋಡ್ಲಿಕ್ಕೆ ಯಾವಾಗ ಬರಬೇಕು ಅಂತ ಕೇಳ್ಯಾರ. ನಮ್ಮ ಓಣಿ ಪುಂಡಲೀಕಪ್ಪ ಇವತ್ತ ಸಂಜಿ ಬಸ್ಸಿಗೆ ಅಲ್ಲಿಗೇ ಹೊಂಟಾನ. ಏನ್ ಹೇಳಿ ಕಳಸ್ಲಿ?"

ತಿಂಗಳಿಂದ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದ ಮಾತು ಅದು.

"ಬರ್ಲಿ ಅನ್ರಿ," ಎಂದಳು ವನಮಾಲಾ. "ಜಲ್ದಿ ಬರ್ಲಿ."

ಒಳಗೆ ಹೋಗಿ ಮಜ್ಜಿಗೆ ತಂದಳು. ಒಂದೇ ಲೋಟ, ಇಂದುಮತಿಗೆ. ಮಾಸ್ತರನಿಗೆ ಇವತ್ತು ಮಜ್ಜಿಗೆ ಇಲ್ಲ.

ಇಂದುಮತಿ ಕಟ್ಟೆಯ ಮೇಲೆ ಕುಳಿತು ಗಟಗಟ ಕುಡಿದಳು. "ನಿಮ್ಮೂರು ಭಾಳ ಸೇರಿತು ನನಗ. ಲಗ್ನ ಆದಮ್ಯಾಲೆ ನಮ್ಮವರ್ನ ಕರಕೊಂಡ ಬರ್ತೀನಿ. ಅವರಿಗೂ ತೋರ್ಸಬೇಕು."

"ಅವರಿಗೇನು ತೋರ್ಸ್ತೀರಿ? ಊರಿಗೆಲ್ಲಾ ಅವರ ತೋರ್ಸ್ಕೋತ ಅಡ್ಡಾಡ್ತಾರ," ಎಂದಳು ವನಮಾಲಾ.

"ಯಾರು? ನಮ್ಮವರು ಬಾಗಲಕೋಟಿ ಬ್ಯಾಂಕಿನ್ಯಾಗ ಇರ್ತಾರಲ್ಲ?" ಇಂದುಮತಿ ಲೋಟ ಕೆಳಗಿಟ್ಟಳು. ಎದುರಿನ ಮುಖ ನೋಡಿದಳು. ಗಲ್ಲದ ಗುಳಿ ನಿಧಾನಕ್ಕೆ ಮೂಡಿತು. "ಅಯ್ಯ ನನ್ನವ್ವ… ನೀವು ಇವನ್ನ ಅಂದ್ಕೊಂಡ್ರೇನು? ಹೋದ ತಿಂಗಳ ನಿಶ್ಚಯ ಆತು ನಂದು. ಅವರ ಹೆಸರೂ ಇದ ನೋಡ್ರಿ. ಸಣ್ಣಂದಿನಿಂದ ಇವನ್ನ ಹೆಸರು ಹಿಡದ ಕರದೀನಿ, ಈಗ ಬಾಯಿ ಕಟ್ಟೇದ. ಲಗ್ನಕ್ಕ ಕರೀಲಿಕ್ಕೆ ಬಂದೀನಿ ನಾನು."

ವನಮಾಲಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದೆಯೇ ಸಂಜೆಯ ಬಸ್ಸು ನೆನಪಾಯಿತು. ಪುಂಡಲೀಕಪ್ಪ!

ಅಪ್ಪನನ್ನು ಹುಡುಕುತ್ತ ಓಡಿದಳು. ಹಿಂಬಾಗಿಲು ತೆರೆದಿತ್ತು. ಬಾವಿಕಟ್ಟೆಯ ಮೇಲೆ ಕುಳಿತಿದ್ದ ಜಯತೀರ್ಥ ಎದ್ದು ನಿಂತ. ಅವನ ಮುಖ ಬಾಡಿತ್ತು.

"ಮುಂಡರಗಿಯವರು ಬರ್ತಾರಂತ. ಆಚಾರ್ಯರು ಹೇಳಿದ್ರು. ಮಜ್ಜಿಗಿ ಸುದ್ದಾ ಕೊಡಲಿಲ್ಲ ನನಗ."

"ಇಲ್ಲೇನೂ ಇಲ್ಲ ಅಂದ್ರಲ್ಲ ನೀವು? ಮತ್ತ ಯಾಕ ಬಂದು ಕೂತೀರಿ?"

"ಊರೆಲ್ಲಾ ತೋರ್ಸ್ತೀನಿ ಮಂದಿಗೆ. ಆವತ್ತಿನಿಂದ ಈ ಬಾಗಲಾ ಯಾರಿಗೂ ತೆಗದಿಲ್ಲ. ಇದು ನಂದು." ಬಾವಿಯ ಕಡೆ ನೋಡಿ ಸೇರಿಸಿದ, "ನಿಂದೂ ಹೌದು ಅಂದ್ಕೊಂಡಿದ್ದೆ."

'ನಿಂದೂ' ಎಂದನಲ್ಲ… 'ನಿಮ್ಮದು' ಎನ್ನಲಿಲ್ಲ. ಅವಳಿಗೆ ಅಳು ಬಂತು.

"ಅರ್ಚನಿಯೊಳಗ ನಿಮ್ಮ ಹೆಸರು ಕೇಳಿದೆ ನಾನು."

"ಗೋತ್ರ ಕೇಳಲಿಲ್ಲೇನು? ಆ ಬಾಗಲಕೋಟಿಯಾತಂದು ವಸಿಷ್ಠ. ನಂದು ಕಾಶ್ಯಪ. ವರ್ಷದಿಂದ ಇಲ್ಲೇ ಅರ್ಚನಿ ಮಾಡಿಸ್ತೀನಿ, ಇನ್ನೂ ತಿಳಿದಿಲ್ಲ ನಿನಗ. ನಿಮ್ಮದು ಭಾರದ್ವಾಜ ಅನ್ನೂದು ಬೂಟು ತೊಯ್ದ ಮರುದಿನಾನ ಕೇಳಿ ತಿಳ್ಕೊಂಡೀನಿ ನಾ. ಬ್ಯಾರೆ ಅದ ಅಂತ ಖಾತ್ರಿ ಆಗೂತನಕ ಊಟ ಸೇರಿರಲಿಲ್ಲ."

ಆಗಲೇ ಆಚಾರ್ಯರು ಕೋಟು ಟೊಪ್ಪಿಗೆ ಹಾಕಿಕೊಂಡು ಬಾಗಿಲಿಗೆ ಬಂದರು.

"ಅಪ್ಪಾ, ಮುಂಡರಗಿಗೆ ಹೇಳಿ ಕಳಸಬ್ಯಾಡ್ರಿ."

"ಈಗರೆ ಜಲ್ದಿ ಬರ್ಲಿ ಅಂದಿ?"

"ತಪ್ಪಾತು."

ಆಚಾರ್ಯರ ಹುಬ್ಬು ಗಂಟಾದವು. "ಮನಸಿನ್ಯಾಗ ಯಾರರೆ ಅದಾರೇನು? ಇದ್ದರ ಹೆಸರು ಹೇಳು."

ವರ್ಷವಿಡೀ ಊರ ತುಂಬ ಜಯತೀರ್ಥ ಮಾಸ್ತರ, ಜಯತೀರ್ಥ ಮಾಸ್ತರ ಎಂದು ಕೂಗಿದ ಬಾಯಿ ಅದು. ಈಗ ಆ ಹೆಸರಿಗೆ ತೆರೆಯದು. ವನಮಾಲಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಆ ಹೆಸರು ನಾ ಹೇಳಬಾರದಪ್ಪಾ."

ಆಚಾರ್ಯರು ಮಗಳನ್ನು ನೋಡಿದರು. ತಲೆ ತಗ್ಗಿಸಿದ ಮಾಸ್ತರನನ್ನು ನೋಡಿದರು. ಗೋತ್ರದ ಲೆಕ್ಕ ಅವರ ಮನಸ್ಸಿನಲ್ಲೂ ಓಡಿರಬೇಕು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ಮಾಸ್ತರ ಊರಿಗೆ, ಹುಲಕೋಟಿಗೆ, ಬಸ್ಸು ಎಷ್ಟೊತ್ತಿಗದ, ಕೇಳಿ ಬರ್ತೀನಿ," ಎನ್ನುತ್ತ ಒಳಗೆ ಹೋದರು.

ಬಾವಿಕಟ್ಟೆಯ ಹತ್ತಿರ ಇಬ್ಬರೇ ಉಳಿದರು.

"ಇನ್ನ ಯಾವಾಗ ಕೇಳಬೇಕು ನಾ, ನಿನ್ನ ಬಾಯಿಂದ ನನ್ನ ಹೆಸರು?"

"ಲಗ್ನದಾಗ ಗಂಡನ ಹೆಸರು ಹೇಳಸದ ಹೆಂಗಸರು ಬಿಡತಾರೇನು? ಪದ ಜೋಡ್ಸಿ ಒಡಪು ಕಟ್ಟಿ ಅದರಾಗ ಸೇರ್ಸಿ ಹೇಳ್ತೀನಿ."

"ಒಡಪಿನ್ಯಾಗ ಮತ್ತ ಏನೇನು ಇರ್ತದ?"

ವನಮಾಲಾ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಒದ್ದಿ ಬೂಟು ಇರ್ತಾವ," ಎಂದಳು.