ತೆಳು ತಗಡಿನ ಪ್ರೈಮರ್

ಆರ್ವಿಲ್ ಹ್ಯಾಕ್‌ಮನ್ ಟ್ರಿಗರ್ ಎಳೆದ. ಗುಂಡೇನೋ ಗುರಿಯ ಕಡೆಗೇ ಹೋಯಿತು. ಆದರೆ ಕಾದ ಹೊಗೆಯ ಒಂದು ಎಳೆ ಹಿಂದಕ್ಕೆ ತಿರುಗಿ ಅವನ ಮುಖಕ್ಕೇ ನುಗ್ಗಿತು. ಮುದುಕ ಬಲಗಣ್ಣು ಮುಚ್ಚಿಕೊಂಡು ಸ್ಟೂಲಿನಿಂದ ಉರುಳಿದ.

ಪಕ್ಕದ ಮೇಜಿನಲ್ಲಿ ವರ್ನಾ ಇದ್ದಳು. ಪೆನ್ಸಿಲ್ವೇನಿಯಾದ ಆ ಗುಡ್ಡಗಾಡಿಗೆ ಡೆಪ್ಯುಟಿ ಶೆರಿಫ್, ಪೊಲೀಸಿನವಳು. ಭಾನುವಾರ ಮಾತ್ರ ಈ ರೈಫಲ್ ಕ್ಲಬ್ಬಿನಲ್ಲಿ ಎಲ್ಲರಂತೆ ಅವಳೂ ಗುರಿ ಹಿಡಿಯುವವಳು. ಆರ್ವಿಲ್‌ನನ್ನು ಆಂಬುಲೆನ್ಸ್ ಹತ್ತಿಸಿ, ಅವನ ರೈಫಲ್ಲಿನಿಂದ ಖಾಲಿ ತೋಟಾ ತೆಗೆದಳು. ಅದರ ಬುಡದಲ್ಲಿ ಪ್ರೈಮರ್ ಇರುತ್ತದಲ್ಲ, ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಲೋಹದ ಬಟ್ಟಲು, ಅದರ ನಟ್ಟನಡುವೆ ಸುಟ್ಟ ತೂತು.

"ಮದ್ದು ಜಾಸ್ತಿಯಾಗಿದೆ," ಅಂದರು ಯಾರೋ.

ಇಲ್ಲಿ ಅವರವರ ತೋಟಾ ಅವರವರೇ ತುಂಬಿಕೊಳ್ಳುವುದು. ಬೆಳಿಗ್ಗೆ ಶೆಡ್ಡಿನಲ್ಲಿ ಆರ್ವಿಲ್‌ನ ಮೇಜಿಗೆ ಜೊತೆಯಾಗಿ ಕೂತಿದ್ದವನು ಕ್ಲೇಟನ್. ಊರಿಗೆ ಹೊಸಬ. ಹೋದ ವಾರವಷ್ಟೇ ಆರ್ವಿಲ್ ಅವನನ್ನು ಎಲ್ಲರೆದುರು ಗೇಲಿ ಮಾಡಿದ್ದ. ವರ್ನಾಳಿಗೆ ಅಷ್ಟೇ ಸಾಕಾಯಿತು.

"ಅವರ ಮದ್ದಿಗೆ ಏನ್ ಮಾಡ್ದೆ?"

"ನಾನ್ಯಾಕೆ ಮುಟ್ಲಿ ಮೇಡಂ?"

"ಗಾಡಿ ಬಾಗಿಲು ತೆಗಿ."

ಜನವೆಲ್ಲ ನೋಡುತ್ತಿರುವಂತೆಯೇ ಕ್ಲೇಟನ್‌ನ ಗಾಡಿಯಿಂದ ಒಂದೊಂದೇ ಸಾಮಾನು ಹುಲ್ಲಿನ ಮೇಲೆ ಬಿತ್ತು. ಊಟದ ಬುಟ್ಟಿ, ಅಂಗಿ, ಹೆಂಡತಿಯ ಮಾತ್ರೆಯ ಡಬ್ಬಿ. ಏನೂ ಸಿಗಲಿಲ್ಲ. ಆದರೂ ಕಾರ್ಯದರ್ಶಿ ಅವನ ಕ್ಲಬ್ ಬಿಲ್ಲೆ ಕಿತ್ತುಕೊಂಡ. "ನಾಳೆ ಕೇಸ್ ಹಾಕ್ತೀನಿ," ಅಂದಳು ವರ್ನಾ. ವರ್ನಾಳ ಸೋದರಮಾವ ಲೆಸ್ಟರ್, ಎಂದೂ ಬಾಯಿ ಮುಚ್ಚದವನು, ಬೇಲಿಗೆ ಒರಗಿ ಸುಮ್ಮನೆ ನಿಂತಿದ್ದ.

\* \* \*

ಆರ್ವಿಲ್‌ನ ಉಳಿದ ತೋಟಾಗಳನ್ನು ಶೆಡ್ಡಿನಲ್ಲಿ ಬಿಚ್ಚಿ ಮದ್ದು ತೂಗಿದಳು. ಸರಿಯಾಗಿತ್ತು. ಅವನು ಮೊದಲಿಂದ ಹಾಕುತ್ತ ಬಂದಷ್ಟೇ. ಒಂದು ಕಣ ಹೆಚ್ಚಿಲ್ಲ, ಕಡಿಮೆಯಿಲ್ಲ.

ವರ್ನಾಳ ಕಿವಿ ಬಿಸಿಯಾಯಿತು. ಮೊದಲು ತೂಗಿ, ಆಮೇಲೆ ಗಾಡಿಗೆ ಕೈ ಹಾಕಬೇಕಿತ್ತು.

\* \* \*

ಆಸ್ಪತ್ರೆಯಲ್ಲಿ ಆರ್ವಿಲ್‌ನ ಕಣ್ಣಿಗೆ ಪಟ್ಟಿ ಇತ್ತು. ಬಾಯಿಗೆ ಇರಲಿಲ್ಲ.

"ಕಣ್ಣು ಉಳಿಯತ್ತಂತೆ. ಕನ್ನಡಕ ಸತ್ತು ನನ್ನ ಉಳಿಸ್ತು ನೋಡು."

"ಇವತ್ತು ಏನಾದ್ರೂ ಹೊಸದು ಬಳಸಿದ್ರಾ ಅಂಕಲ್?"

"ಪ್ರೈಮರ್ ಒಂದೇ. ನಿಮ್ಮಾಮ ಕೊಟ್ಟಿದ್ದು. ನಾನು ತುಂಬೋ ಜೋರು ಮದ್ದಿಗೆ ದಪ್ಪ ತಗಡಿನವೇ ಬೇಕು, ಈಗ ಯಾವ ಅಂಗಡೀಲಿದೆ ಹೇಳು? ಕ್ಲಬ್ ಊಟದ ದಿನ ಎಲ್ರೆದುರಿಗೆ ಎದ್ದು ನಿಂತು, 'ನನ್ನ ಪಾಲಿನ ದಪ್ಪದ್ದು ಆರ್ವಿಲ್‌ಗೆ' ಅಂದ್ನಲ್ಲ. ಜನ ಚಪ್ಪಾಳೆ ಹೊಡೆದಿದ್ದೇ ಹೊಡೆದಿದ್ದು! ಬೆಳಿಗ್ಗೆ ತಂದ್ಕೊಟ್ಟ. ಮೇಲೆ ಒಂದು ಬುದ್ಧಿಮಾತು ಬೇರೆ: ಮದ್ದು ಸ್ವಲ್ಪ ಕಮ್ಮಿ ಹಾಕೋ ಅಂತ."

"ಮಾಮ? ಕಮ್ಮಿ ಹಾಕು ಅಂದ್ರಾ?"

"ಹೂಂ ಕಣೆ! ಕಂಠಮಟ್ಟ ತುಂಬೋ ಆಸಾಮಿ, ನಂಗೆ ಪಥ್ಯ ಹೇಳ್ತಾನೆ! ನಕ್ಕುಬಿಟ್ಟೆ."

ವರ್ನಾ ನಗಲಿಲ್ಲ.

\* \* \*

ಸಂಜೆ ಕ್ಲಬ್ಬಿನ ಹಜಾರ. ಕಾಫಿ ಆರುತ್ತಿತ್ತು. ಕ್ಲೇಟನ್ ಬಾಗಿಲ ಬಳಿ ಒಬ್ಬನೇ ನಿಂತಿದ್ದ. ವರ್ನಾ ಮೇಜಿನ ಮೇಲೆ ಎರಡು ಖಾಲಿ ಪ್ರೈಮರ್ ಇಟ್ಟಳು.

"ಇದು ಆರ್ವಿಲ್ ಹಾರಿಸಿದ್ದು. ಇದು ಲೆಸ್ಟರ್ ಮಾಮ ಇವತ್ತೇ ಹಾರಿಸಿದ್ದು. ಒಂದೇ ಗಾತ್ರ, ಒಂದೇ ಬಣ್ಣ. ಆದ್ರೆ ಕತ್ತರಿಸಿ ಮೈಕ್ರೋಮೀಟರಲ್ಲಿ ಅಳೆದೆ. ಮಾಮಂದು ದಪ್ಪ ತಗಡು. ಆರ್ವಿಲ್‌ದು ತೆಳು ತಗಡು, ಸಾಧಾರಣ ಮದ್ದಿಗೆ ಮಾಡಿದ್ದು. ಅವರು ತುಂಬೋ ಜೋರು ಮದ್ದಿಗೆ, ರೈಫಲ್ಲಿನ ಸೂಜಿ ತಾಗಿದ ಜಾಗದಲ್ಲೇ ತೂತಾಗತ್ತೆ. ಹೊಗೆ ಹಿಂದಕ್ಕೆ ಬರತ್ತೆ."

"ಕಂಪನಿಯೋರ ಎಡವಟ್ಟು," ಅಂದ ಲೆಸ್ಟರ್. "ಇಲ್ಲ, ಆ ಹುಡುಗ ಬದಲಾಯಿಸಿರ್ಬೇಕು."

"ಯಾರದೇ ಆಗ್ಲಿ, ನಿಮಗೆ ಮೊದ್ಲೇ ಹೇಗೆ ಗೊತ್ತಾಯ್ತು ಮಾಮ? ದಪ್ಪ ತಗಡಿನವು ಕೊಟ್ಟೋರು ಮದ್ದು ಕಮ್ಮಿ ಹಾಕು ಅಂತ ಯಾಕೆ ಹೇಳ್ತಾರೆ? ಪೊಟ್ಟಣದಲ್ಲಿ ತೆಳುವಿದೆ ಅಂತ ಗೊತ್ತಿದ್ದೋನಿಗೆ ಮಾತ್ರ ಆ ಭಯ. ಅದು ಆರ್ವಿಲ್ ಕೈಗೆ ಹೋಗೋ ಮುಂಚೆನೇ ನಿಮಗಿತ್ತು."

ಲೆಸ್ಟರ್‌ನ ಗದ್ದ ಎದೆಗೆ ಇಳಿಯಿತು.

"ಆ ದಿನ ಕ್ಲಬ್ ಊಟ ಮುಗಿಸಿ ಮನೆಗೆ ಹೋಗಿ ಪೆಟ್ಟಿಗೆ ತೆಗೆದೆ. ಕೊಡೋಕೆ ಕೈ ಬರ್ಲಿಲ್ಲ ಮಗಳೇ. ಚಪ್ಪಾಳೆ ಹೊಡೆಸ್ಕೊಂಡು, ಕೊಡಲ್ಲ ಅನ್ನೋಕೂ ಮುಖ ಇರ್ಲಿಲ್ಲ. ದಪ್ಪದ್ದರ ಪೊಟ್ಟಣಕ್ಕೇ ಮಾಮೂಲಿ ತೆಳುದು ತುಂಬಿದೆ. ಕಮ್ಮಿ ಮದ್ದಿಗೆ ನಡೀತದೆ ಅಂದ್ಕೊಂಡೆ."

"ಕ್ಲೇಟನ್ ಗಾಡಿ ಖಾಲಿ ಮಾಡ್ತಿದ್ದಾಗ ನಿಂತು ನೋಡಿದ್ರಲ್ಲ?"

ಯಾರೂ ಲೆಸ್ಟರ್‌ನ ಮುಖ ನೋಡಲಿಲ್ಲ. ಚಪ್ಪಾಳೆ ಹೊಡೆದ ಕೈಗಳೆಲ್ಲ ಜೇಬು ಸೇರಿದ್ದವು.

ವರ್ನಾ ಬಾಗಿಲ ಕಡೆ ತಿರುಗಿದಳು. "ತಪ್ಪಾಯ್ತು ಕ್ಲೇಟನ್. ಅಳೆದು ನೋಡೋದು ಬಿಟ್ಟು, ಹೊಸಬ ಅಂತ ನಿನ್ನ ಹಿಡ್ಕೊಂಡೆ."

"ನಿಮ್ಮಾಮನ ಗಾಡೀನೂ ಖಾಲಿ ಮಾಡ್ತೀರಾ ಮೇಡಂ?" ಮೆಲ್ಲಗೆ ಕೇಳಿದ ಅವನು. "ಎಲ್ರೆದುರಿಗೆ?"

ಅವಳು ಮಾವನ ಮುಂದೆ ಕೈ ಚಾಚಿದಳು. ಲೆಸ್ಟರ್ ಕೀಲಿ ಕೊಟ್ಟ.

"ದಪ್ಪದ್ದು ಹಿಂದಿನ ಸೀಟಲ್ಲಿ, ಕಂಬಳಿ ಕೆಳಗಿದೆ," ಅಂದ. "ಹುಡುಕೋದೇನೂ ಬೇಡ."

ಹೊರಗೆ, ಎಲ್ಲರೆದುರೇ, ವರ್ನಾ ಕಂಬಳಿಯ ಕೆಳಗಿನ ಪೆಟ್ಟಿಗೆ ತೆಗೆದಿಟ್ಟಳು. ಆಮೇಲೂ ನಿಲ್ಲಿಸಲಿಲ್ಲ. ಮಾವನ ಕೋಟು, ಬುತ್ತಿ, ಅತ್ತೆ ಹೆಣೆದ ಉಣ್ಣೆ ಟೋಪಿ, ಎಲ್ಲವನ್ನೂ ಒಂದೊಂದಾಗಿ ಹುಲ್ಲಿನ ಮೇಲೆ ಇಳಿಸಿದಳು.