ನಾನೂರ ಐವತ್ತನಾಲ್ಕರ ಗುಂಡು

ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 8.05ಕ್ಕೆ ಮ್ಯಾಕ್ಸೀನ್ ಟುಮಿ ಸೇಜ್ ಫೋರ್ಕ್ ಕೌಂಟಿಯ ಶೆರಿಫ್ ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಇಡೀ ಕೌಂಟಿಗೆ ಇದ್ದ ಒಬ್ಬಳೇ ಸರ್ಕಾರಿ ನರ್ಸ್ ಅವಳು. ಠಾಣೆಯ ಎಲ್ಲರಿಗೂ ಒಂದಲ್ಲ ಒಂದು ಸಲ ಸೂಜಿ ಚುಚ್ಚಿದ್ದವಳು. ಕೋಟಿನ ಕೆಳಗೆ ರಾತ್ರಿಯ ಉಡುಪೇ ಇತ್ತು. ಕಂಕುಳಲ್ಲಿ ಹಿಟ್ಟಿನ ಡಬ್ಬಿ. ಅದನ್ನು ಡಿಟೆಕ್ಟಿವ್ ಸಾರ್ಜೆಂಟ್ ಲೋರ್ನಾ ಹೌಗೆನ್‌ಳ ಮೇಜಿನ ಮೇಲಿಟ್ಟಳು. ಡಬ್ಬಿಯ ಒಂದು ಪಕ್ಕದಲ್ಲಿ ಕಿರುಬೆರಳು ತೂರುವಷ್ಟು ತೂತಿತ್ತು.

"ಒಳಗೇ ಇದೆ. ನಾನು ಮುಟ್ಟಿಲ್ಲ."

"ಎಷ್ಟು ಹೊತ್ತಿಗೆ?"

"ಏಳು ಇಪ್ಪತ್ತು. ಕಾಫಿ ಬಗ್ಗಿಸ್ತಿದ್ದೆ. ಚಮಚ ಬಿತ್ತು, ಬಗ್ಗಿದೆ. ಬಗ್ಗದೇ ಇದ್ದಿದ್ರೆ ಈ ಡಬ್ಬಿ ಯಾರು ತರ್ತಿದ್ರು ಹೇಳು?"

"ಶಬ್ದ ಎಲ್ಲಿಂದ?"

"ಹೊಳೆ ಆಚೆಯಿಂದ. ಒಂದೇ."

"ಯಾರನ್ನಾದ್ರೂ ನೋಡಿದ್ರಾ?"

"ನೆಲದ ಮೇಲೆ ಬಿದ್ಕೊಂಡಿದ್ದೆ ಕಣೇ! ಕಿಟಕೀಲಿ ಇಣುಕ್ತಾ ನಿಂತ್ಕೊಳ್ಳಬೇಕಿತ್ತಾ?" ಮ್ಯಾಕ್ಸೀನ್ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. "ಇದು ಮೂರನೇದು ಲೋರ್ನಾ. ಮೊದಲನೇದಕ್ಕೆ ನೀನೇನು ಹೇಳಿದ್ದೆ?"

ಸೆಪ್ಟೆಂಬರ್ 27ರ ಕಡತದಲ್ಲಿ 'ಬೇಟೆಗಾರರ ದಾರಿ ತಪ್ಪಿದ ಗುಂಡು' ಎಂದು ಬರೆದು ಮುಗಿಸಿದ್ದು ಲೋರ್ನಾಳೇ. ಸಹಿಯೂ ಅವಳದೇ. ಅಕ್ಟೋಬರ್ 6ರಂದು ಎರಡನೆಯ ಗುಂಡು ಬಂದಿತ್ತು. ಆದರೂ ಹಳೆಯ ಕಡತವನ್ನು ತಿದ್ದುವ ಧೈರ್ಯ ಬಂದಿರಲಿಲ್ಲ. ಈಗ ಹೊಸ ದೂರು ದಾಖಲಿಸಿಕೊಂಡಳು.

9.15ಕ್ಕೆ ಮ್ಯಾಕ್ಸೀನ್ ಮನೆಯಲ್ಲಿ ಸ್ಥಳ ಮಹಜರು. ಡೆಪ್ಯುಟಿ ಡೆಲ್ ಪ್ರುಯಿಟ್ ಟೇಪು ಹಿಡಿದ. ಮೊದಲ ಗುಂಡು ಸೂರಿನ ಮೇಲಿನ ಹೊಗೆಗೂಡಿನ ಬುಡದ ಇಟ್ಟಿಗೆಗೆ ತಾಗಿ ಚಪ್ಪಟೆಯಾಗಿತ್ತು: ನೆಲದಿಂದ ಹದಿನಾಲ್ಕು ಅಡಿ. ಎರಡನೆಯದು ಕಿಟಕಿಯ ಮೇಲಿನ ಹಲಗೆಗೆ: ಎಂಟು ಅಡಿ. ಇವತ್ತಿನದು ಕಿಟಕಿ ಒಡೆದು ಹಿಟ್ಟಿನ ಡಬ್ಬಿಗೆ: ಐದು ಅಡಿ ಮೂರು ಇಂಚು. ಹೊಳೆಯಾಚೆ, ಅರವತ್ತು ಹೆಜ್ಜೆ ದೂರದ ಮರದ ಹಿಂದೆ ಬೂಟಿನ ಗುರುತು ಸಿಕ್ಕಿತು. ಖಾಲಿ ತೋಟಾ ಸಿಗಲಿಲ್ಲ.

"ರಿವಾಲ್ವರ್," ಅಂದ ಡೆಲ್. "ತೋಟಾ ಒಳಗೇ ಉಳ್ಕೊಳ್ಳುತ್ತೆ. ಸಾರ್ಜೆಂಟ್, ನೋಡಿದ್ರಾ? ಸಲದಿಂದ ಸಲಕ್ಕೆ ಇಳೀತಾ ಇದೆ. ಮುಂದಿನದು ಎದೆಗೆ."

"ನನಗೂ ಲೆಕ್ಕ ಬರುತ್ತೆ ಡೆಲ್."

ಅಂದದ್ದು ಗಡುಸಾಗಿ.

ಠಾಣೆಗೆ ಮರಳಿ ಹಿಟ್ಟು ಜರಡಿ ಹಿಡಿದರು. ಗುಂಡು ಹೆಚ್ಚು ಕೆಟ್ಟಿರಲಿಲ್ಲ. ಅಂಗಡಿಯ ಮಾಲಲ್ಲ; ಮನೆಯಲ್ಲಿ ಸೀಸ ಕರಗಿಸಿ ಅಚ್ಚಿಗೆ ಎರೆದದ್ದು. ಅದರ ಸುತ್ತ ಕೊರೆದ ಗೆರೆಗಳಲ್ಲಿ, ನಳಿಗೆಯಲ್ಲಿ ಜಾರಲೆಂದು ಹಚ್ಚಿದ ಹಳದಿ ಮೇಣ ಉಳಿದಿತ್ತು. ಲೋರ್ನಾ ಮೂಸಿ ನೋಡಿದಳು. ಜೇನಿನ ವಾಸನೆ. ಸೀಸ ಉಗುರು ಒತ್ತಿದರೆ ಗೀರು ಮೂಡುವಷ್ಟು ಮೆತ್ತಗಿತ್ತು. ಮೈಕ್ರೋಮೀಟರ್ ಇಟ್ಟಳು. ಒಂದಲ್ಲ, ನಾಲ್ಕು ಸಲ ಇಟ್ಟಳು. ಒಂದೇ ಸಲಕ್ಕೆ ನಂಬುವ ಜಾಯಮಾನ ಅವಳದಲ್ಲ.

"ಇಂಚಿನ ಸಾವಿರದಲ್ಲಿ ನಾನೂರ ಐವತ್ತನಾಲ್ಕು ಪಾಲು," ಅಂದಳು. "ನಾನು ಎರಕ ಹೊಯ್ಯೋದು ನಾನೂರ ಐವತ್ತೆರಡಕ್ಕೆ. ಇಲ್ಲಿ ಎಲ್ಲರೂ ಅಷ್ಟೇ."

"ಎರಡು ಪಾಲಿಗೆ ಏನು ಮಹಾ?"

"ಹಳೇ ರಿವಾಲ್ವರ್‌ಗಳ ನಳಿಗೆ ಕೆಲವು ಸಲ ಅಗಲ ಇರುತ್ತೆ. ಅದು ಗೊತ್ತಾಗಬೇಕಾದ್ರೆ ಮೆತ್ತನೆ ಸೀಸದ ತುಂಡನ್ನ ನಳಿಗೆಯೊಳಗೆ ಬಡಿದು ದಾಟಿಸಿ ಅಳೀಬೇಕು. ಆಮೇಲೆ ಆ ಒಂದು ನಳಿಗೆಗೆ ಅಂತಾನೇ ಗುಂಡು ಮಾಡ್ಕೋಬೇಕು. ಅವಸರದವನು ಇಷ್ಟೆಲ್ಲ ಮಾಡಲ್ಲ. ಇವನು ಬಹಳ ಜೋಪಾನದ ಮನುಷ್ಯ."

"ಜೋಪಾನವಾಗಿ ಕೊಲ್ಲೋಕೆ ಹೊರಟಿದ್ದಾನೆ ಅನ್ನಿ."

"ಅಲ್ಲ. ಕೊಲ್ಲೋನು ಗಟ್ಟಿ ಸೀಸ ಆರಿಸ್ತಾನೆ, ಮದ್ದು ಜೋರಾಗಿ ತುಂಬ್ತಾನೆ. ಇವನು ಮೆತ್ತಗಿನದನ್ನೇ ಆರಿಸಿದ್ದಾನೆ, ಮದ್ದೂ ಕಡಿಮೆ. ಹಿಟ್ಟಿನ ಡಬ್ಬಿಯಿಂದ ಆಚೆ ದಾಟಿಲ್ಲ ನೋಡು. ಹೆದರಿಸಬೇಕು ಅಷ್ಟೆ." ಅವಳು ತಡೆದಳು. "ಹಾಗಾದ್ರೆ ಇಳೀತಾ ಯಾಕಿದೆ?"

11.30ಕ್ಕೆ ಕಾಟನ್‌ವುಡ್ ಗುರಿ ಕ್ಲಬ್. ಉಗ್ರಾಣದ ಗಸ್ ಪಡೋವಿಚ್ ಸ್ಟೌವಿನ ಪಕ್ಕ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಎರೆದ ಗುಂಡನ್ನು ಒತ್ತಿ ಅಳತೆಗೆ ತರುವ ಉಕ್ಕಿನ ಬಳೆಗಳನ್ನು ಕ್ಲಬ್ಬು ಎರವಲು ಕೊಡುತ್ತಿತ್ತು. ಯಾರು ಒಯ್ದರೆಂದು ಬರೆಯಲು ಒಂದು ಪುಸ್ತಕವಿತ್ತು.

"ನಾನೂರ ಐವತ್ತನಾಲ್ಕರ ಬಳೆ ಯಾರು ಒಯ್ದಿದ್ದಾರೆ?"

ಗಸ್ ಪುಟ ಮಗುಚಿದ. "ಹತ್ತು ವರ್ಷಕ್ಕೆ ಮೂರು ಜನ. ಒಬ್ಬ ಮಣ್ಣೊಳಗಿದ್ದಾನೆ. ಒಬ್ಬ ಅರಿಜೋನಾದಲ್ಲಿ ಬಿಸಿಲು ಕಾಯಿಸ್ತಿದ್ದಾನೆ. ಮೂರನೇದು ಓರ್ವಿಲ್ ಸ್ಟೆನ್‌ರುಡ್. ನಿಮ್ಮ ಗುರುಗಳು."

ಲೋರ್ನಾ ಪುಸ್ತಕವನ್ನು ತನ್ನ ಕಡೆ ತಿರುಗಿಸಿ ಹೆಸರು ಓದಿದಳು. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಎರಕ ಕಲಿಸಿದ್ದು ರೈಲ್ವೆ ಕಾರ್ಖಾನೆಯ ಓರ್ವಿಲ್. ಅಳತೆಯನ್ನು ನಾಲ್ಕು ಸಲ ನೋಡುವುದೂ ಅವರದೇ ಪಾಠ. ಅವರ ಹೆಂಡತಿ ಬರ್ನಿಸ್ ಜೇನು ಸಾಕುತ್ತಿದ್ದರು.

"ಈಗ ಬರ್ತಾರಾ?"

"ಆಗಸ್ಟ್ ಪಂದ್ಯಕ್ಕೆ ಬಂದಿದ್ದೇ ಕೊನೆ. ಹತ್ತಕ್ಕೆ ಹತ್ತೂ ಮಣ್ಣಿಗೆ ಹೊಡೆದ್ರು. ಎಲ್ಲಾ ಗುರಿಯಿಂದ ಕೆಳಗೆ. 'ತಾತ ಇಲಿ ಬೇಟೆಗೆ ಬಂದಿದ್ದಾರೆ' ಅಂತ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಈ ಕಡೆ ತಲೆ ಹಾಕಿಲ್ಲ."

ಕಾರಿಗೆ ಬಂದು ಲೋರ್ನಾ ಮ್ಯಾಕ್ಸೀನ್‌ಗೆ ಫೋನು ಮಾಡಿದಳು.

"ಓರ್ವಿಲ್‌ಗೂ ನಿಮಗೂ ಏನು?"

"ಕೋರ್ಟಿನ ಕಾಗದದಲ್ಲೇ ಇದೆ, ಹೇಳಿದ್ರೆ ತಪ್ಪಿಲ್ಲ. ಬರ್ನಿಸ್‌ಗೆ ಮರೆವು, ಹೊಟ್ಟೆನೋವು ಅಂತ ಮಗಳು ಕರ್ಕೊಂಡು ಬಂದಳು. ರಕ್ತ ತೆಗೆದವಳು ನಾನು. ಸೀಸ, ಲೋರ್ನಾ. ಮೈತುಂಬ ಸೀಸ. ಮಗಳು ಆರೈಕೆ ಮನೆಗೆ ಸೇರಿಸಿದಳು. ಓರ್ವಿಲ್ ವಾಪಸ್ ಕೇಳ್ತಿದ್ದಾರೆ. ಶುಕ್ರವಾರ ವಿಚಾರಣೆ. ನಾನು ಹೋಗಿ ಹೇಳದೇ ಇದ್ರೆ ಬರ್ನಿಸ್ ಮತ್ತೆ ಅದೇ ಮನೆಗೆ."

"ಓರ್ವಿಲ್ ರಕ್ತ ನೋಡಿದ್ರಾ?"

"ತೋಳೇ ಕೊಡಲಿಲ್ಲ ಆ ಮನುಷ್ಯ."

ಲೋರ್ನಾಗೆ ಆಗ ಅರ್ಥವಾಯಿತು. ಮೈಗೆ ಸೇರಿದ ಸೀಸ ಮಣಿಕಟ್ಟಿನ ಬಲ ತೆಗೆಯುತ್ತದೆ. ಆತ ಇಳಿಸಿ ಹೊಡೆಯುತ್ತಿರಲಿಲ್ಲ, ಕೈಯೇ ಇಳಿಯುತ್ತಿತ್ತು. ಕೊಲ್ಲುವ ಮನಸ್ಸಿಲ್ಲದೆಯೇ ಕೊಲ್ಲಬಹುದಾದ ಮನುಷ್ಯ, ಶುಕ್ರವಾರಕ್ಕೆ ಮೊದಲು ಇನ್ನೊಂದು ಸಲ ಖಂಡಿತ ಬರುತ್ತಾನೆ.

"ಮ್ಯಾಕ್ಸೀನ್, ಠಾಣೆಗೆ ಬಂದು ಕೂತ್ಕೊಳ್ಳಿ. ಈಗಲೇ. ಕಿಟಕಿ ಹತ್ತಿರ ಹೋಗಬೇಡಿ."

3.40ಕ್ಕೆ ನ್ಯಾಯಾಧೀಶರು ಶೋಧನಾ ವಾರಂಟಿಗೆ ಸಹಿ ಹಾಕಿದರು. 4.25ಕ್ಕೆ ಸ್ಟೆನ್‌ರುಡ್ ಮನೆ. ಹಿತ್ತಲಲ್ಲಿ ಜೇನುಪೆಟ್ಟಿಗೆಗಳು ಖಾಲಿ ಬಿದ್ದಿದ್ದವು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಲೋರ್ನಾ ಗೋಡೆಗೆ ಅಂಟಿ ನಿಂತಳು. ಡೆಲ್ ಬಾಗಿಲಿನ ಇನ್ನೊಂದು ಪಕ್ಕ ನಿಂತ.

"ಓರ್ವಿಲ್, ನಾನು ಲೋರ್ನಾ. ಕೈ ಎರಡೂ ಮೇಜಿನ ಮೇಲಿಡಿ."

"ಬಾ ಮಗಾ. ಬೂಟು ಒರೆಸ್ಕೊಂಡು ಬಾ, ಬರ್ನಿಸ್ ಬೈತಾಳೆ."

ಇಬ್ಬರೂ ಒಳಗೆ ಕಾಲಿಟ್ಟಾಗ ಓರ್ವಿಲ್ ಮೇಜಿನ ಮುಂದೆ ಕೂತಿದ್ದರು. ಮುಂದೆ ರಿವಾಲ್ವರ್, ಪಕ್ಕದಲ್ಲಿ ಐವತ್ತು ತೋಟಾಗಳ ಪೆಟ್ಟಿಗೆ, ಅದರಲ್ಲಿ ನಾಲ್ಕು ಮನೆ ಖಾಲಿ.

"ಇದನ್ನು ತಾನೇ ಕೇಳೋಕೆ ಬಂದಿದ್ದು? ತಗೋ," ಎನ್ನುತ್ತಾ ಅವರು ರಿವಾಲ್ವರ್ ಎತ್ತಿದರು.

"ಮುಟ್ಟಬೇಡಿ!"

ಎತ್ತಿಯಾಗಿತ್ತು. ನಳಿಗೆ ಸೂರಿನ ಕಡೆಗಿತ್ತು. ಆಮೇಲೆ ಮಣಿಕಟ್ಟು ತಾನಾಗಿಯೇ ಬಾಗಿತು. ನಳಿಗೆ ಗಡಿಯಾರ ದಾಟಿತು, ಕ್ಯಾಲೆಂಡರ್ ದಾಟಿತು, ಡೆಲ್‌ನ ಹೊಟ್ಟೆಗೆ ಬಂದು ನಿಂತಿತು. ಡೆಲ್‌ನ ಪಿಸ್ತೂಲು ಆಗಲೇ ಕೈಯಲ್ಲಿತ್ತು, ಬೆರಳು ಟ್ರಿಗರ್ ಮೇಲಿತ್ತು.

"ಹೊಡೀಬೇಡ ಡೆಲ್! ಅವರು ಗುರಿ ಇಡ್ತಿಲ್ಲ! ಹೊಡೀಬೇಡ!"

ಲೋರ್ನಾ ಮೇಜಿನ ಮೇಲೆ ಅಡ್ಡ ಬಿದ್ದು ನಳಿಗೆಯನ್ನು ಗೋಡೆಗೆ ತಿರುಗಿಸಿ ಕಿತ್ತುಕೊಂಡಳು. ತೋಟಾ ತುಂಬುವ ಉರುಳೆ ತೆರೆದಾಗ ಒಳಗೆ ಹೊಡೆಯದ ಒಂದು ತೋಟಾ ಇತ್ತು. ಡೆಲ್ ತನ್ನ ಪಿಸ್ತೂಲನ್ನು ಒರೆಗೆ ಸೇರಿಸಿದ.

"ಮ್ಯಾಕ್ಸೀನ್ ಮನೇಲಿ ಎಲ್ಲಿಗೆ ಗುರಿ ಇಟ್ಟಿದ್ರಿ?"

"ಹೊಗೆಗೂಡಿನ ತುದಿಗೆ."

"ಇವತ್ತು?"

"ಇವತ್ತೂ. ಮೂರು ಸಲಾನೂ." ಓರ್ವಿಲ್ ಅವಳ ಮುಖ ನೋಡಿದರು. "ಯಾಕೆ? ಎಲ್ಲಿಗೆ ಬಿತ್ತು?"

ಅವಳು ಹೇಳಿದಳು. ಅವರು ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತರು.

4.52ಕ್ಕೆ ಬಂಧನ. ರಿವಾಲ್ವರ್, ತೋಟಾ, ಅಚ್ಚು, ಮೇಣದ ಡಬ್ಬಿ ವಶ.

ಜೈಲಿಗೆ ಸೇರಿಸುವ ಮುನ್ನ ರಕ್ತ ತೆಗೆಯಬೇಕಿತ್ತು. ಬೇರೆ ನರ್ಸನ್ನು ಕರೆಸುತ್ತೇನೆಂದು ಲೋರ್ನಾ ಹೇಳಿದಳು.

"ತೊಂಬತ್ತು ಮೈಲಿಯಿಂದಾ?" ಎಂದು ಮ್ಯಾಕ್ಸೀನ್ ಚೀಲ ತೆರೆದಳು.

ಓರ್ವಿಲ್ ನೆಲ ನೋಡುತ್ತಾ ಮಾತಾಡಿದರು. "ಎರಕದ ದಿನ ನಾನು ಹಾಕ್ಕೊಂಡಿದ್ದ ಏಪ್ರನ್ನನ್ನ ಅವಳೇ ಕೊಡವಿ ಒಗೀತಿದ್ದಳು. ಮೂವತ್ತೊಂದು ವರ್ಷ, ಪ್ರತಿ ಶನಿವಾರ. ನನ್ನ ಧೂಳು ಅವಳ ತಲೆಗೆ ಹೋಯ್ತು ಅಂತ ನೀನು ಕೋರ್ಟಿನಲ್ಲಿ ಗಟ್ಟಿಯಾಗಿ ಓದ್ತೀಯ. ಅವಳು ಅಲ್ಲೇ ಕೂತು ಕೇಳಿಸ್ಕೊಳ್ತಾಳೆ. ಅದೊಂದು ಆಗಬಾರದಿತ್ತು."

ಮ್ಯಾಕ್ಸೀನ್ ಅವರ ತೋಳಿಗೆ ಪಟ್ಟಿ ಬಿಗಿದಳು.

"ಮುಷ್ಟಿ ಹಿಡೀರಿ, ಓರ್ವಿಲ್."

ಅವರು ಪ್ರಯತ್ನಿಸಿದರು. ಬೆರಳು ಮಡಿಸಿದಷ್ಟೂ ಮಣಿಕಟ್ಟು ಕೆಳಗೆ ಜೋತುಬಿತ್ತು. ಮ್ಯಾಕ್ಸೀನ್ ಸ್ವಲ್ಪ ಹೊತ್ತು ಕಾದಳು. ಆಮೇಲೆ ತನ್ನ ಎಡಗೈಯಿಂದ ಆ ಕೈಯನ್ನು ಎತ್ತಿ ಹಿಡಿದುಕೊಂಡು ಸೂಜಿ ಚುಚ್ಚಿದಳು.

ಲೋರ್ನಾ ಸೆಪ್ಟೆಂಬರ್ 27ರ ಕಡತ ತೆರೆದು ತನ್ನ ಸಾಲನ್ನು ಹೊಡೆದುಹಾಕಿ ಕೆಳಗೆ ಸಹಿ ಮಾಡಿದಳು. ಬಳಿಕ ಅಂಗಿಯ ತೋಳು ಮಡಚಿ ಮ್ಯಾಕ್ಸೀನ್‌ಳ ಮುಂದಿನ ಕುರ್ಚಿಯಲ್ಲಿ ಕೂತಳು. ಅವಳ ಮನೆಯ ನೆಲಮಾಳಿಗೆಯಲ್ಲೂ ಒಂದು ಏಪ್ರನ್ ಮೊಳೆಗೆ ತೂಗುತ್ತಿತ್ತು.