ಸೊರಬಕ್ಕೊಂದು ಟಿಕೆಟ್

ಹಡಗನ್ನು ರಿಪೇರಿಗೆಂದು ಕೊಚ್ಚಿಯ ಡ್ರೈ ಡಾಕಿಗೆ ತಂದು, ನೀರನ್ನೆಲ್ಲ ಹೊರಹಾಕಿ, ದಿಮ್ಮಿಗಳ ಮೇಲೆ ನಿಲ್ಲಿಸಿ ಒಂಬತ್ತು ದಿನವಾಗಿತ್ತು. ಸೆಕೆಂಡ್ ಎಂಜಿನಿಯರ್ ತಿಪ್ಪೇಶನಿಗೆ ಕೆಲಸ ಬೇಕಾದಷ್ಟಿತ್ತು. ಮನಸ್ಸು ಮಾತ್ರ ಶಿಕಾರಿಪುರ–ಸೊರಬ ಬಸ್ಸಿನಲ್ಲಿ ಕೂತುಬಿಟ್ಟಿತ್ತು.

ಕಳೆದ ರಜೆಯ ಮಾತು. ಈಸೂರಿನ ಮನೆಗೆ ಬಂದವನು ಸೊರಬದಲ್ಲಿ ಗೆಳೆಯನ ಗೃಹಪ್ರವೇಶಕ್ಕೆ ಹೊರಟಿದ್ದ. ಅಟ್ಲಾಂಟಿಕ್ಕಿನ ಬಿರುಗಾಳಿಯಲ್ಲೂ ಹೊಟ್ಟೆತುಂಬ ಉಂಡವನಿಗೆ ಶಿರಾಳಕೊಪ್ಪ ದಾಟುವಷ್ಟರಲ್ಲಿ ಹೊಟ್ಟೆ ತೊಳಸಿತು. ಕಂಡಕ್ಟರ್ ಥಟ್ಟನೆ ಕವರ್ ಹಿಡಿದಳು. ಖಾಕಿ ಅಂಗಿ, ಎದೆಯ ಮೇಲೆ ಧನಲಕ್ಷ್ಮಿ ಎಂಬ ಹೆಸರು, ತುಟಿಯಲ್ಲಿ ಅದುಮಿಟ್ಟ ನಗು.

"ಬಸ್ಸು ಹತ್ತಿ ಅಭ್ಯಾಸ ಇಲ್ವಾ? ಏನು ಕೆಲಸ ಮಾಡ್ತೀರಿ?"

"ಹಡಗಿನಾಗೆ ಇರ್ತೀನ್ರೀ," ಎಂದ ತಿಪ್ಪೇಶ, ಬಾಯಿ ಒರೆಸಿಕೊಳ್ಳುತ್ತ.

ಇಡೀ ಬಸ್ಸು ನಕ್ಕಿತು. ಅವಳು ಮಾತ್ರ ಅವನನ್ನು ಮುಂದಿನ ಸೀಟಿಗೆ ಕರೆದು ಕೂರಿಸಿ, ಕಿಟಕಿಯ ಗಾಜು ಸರಿಸಿದಳು. ಅಲ್ಲಿಗೆ ತಿಪ್ಪೇಶನ ಕಥೆ ಮುಗಿಯಿತು.

ಮರುದಿನವೂ ಸೊರಬಕ್ಕೆ ಟಿಕೆಟ್ ಕೇಳಿದ. ಅದರ ಮರುದಿನವೂ. ಹೋದ ಬಸ್ಸಿನಲ್ಲೇ ವಾಪಸ್ಸು. ಐದನೆಯ ದಿನ ಟಿಕೆಟ್ ಮಷಿನ್ ಒತ್ತುವ ಮುನ್ನ ಅವಳು ಹುಬ್ಬೇರಿಸಿದಳು.

"ಸೊರಬದಲ್ಲಿ ನಿಮಗೇನು ಕೆಲಸ ಮಾರಾಯ್ರೇ?"

"ಹಲ್ಲಿನ ಡಾಕ್ಟ್ರಿಗೆ ತೋರ್ಸಾಕೆ."

"ದಿನಕ್ಕೊಂದು ಹಲ್ಲಾ?"

"ಹೂಂ. ಇನ್ನೂ ಇಪ್ಪತ್ತೇಳು ಅದಾವ್ರೀ."

ಅವಳು ಮುಖ ತಿರುಗಿಸಿಕೊಂಡಳು. ಡ್ರೈವರ್ ಕನ್ನಡಿಯಲ್ಲಿ ಅವಳ ಕೆನ್ನೆಯ ಗುಳಿ ಕಂಡಿತು. ತಿಪ್ಪೇಶನ ಹೊಟ್ಟೆಯಲ್ಲಿ ಮತ್ತೆ ಏನೋ ಆಯಿತು. ಈ ಸಲ ರಸ್ತೆಯ ತಪ್ಪಿರಲಿಲ್ಲ.

ರಜೆ ಮುಗಿಯಿತು. ಹೇಳಬೇಕಾದ್ದನ್ನು ಅವನು ಹೇಳಲಿಲ್ಲ. "ಬಸ್ಸು ಲೇಟಾದ್ರೆ ತಿಳಿಸ್ತೀನಿ" ಎಂದು ಅವಳೇ ನಂಬರ್ ಪಡೆದಳು. ಆಮೇಲೆ ನಡುಸಮುದ್ರದಲ್ಲಿದ್ದವನಿಗೆ ದಿನಾ ಮೆಸೇಜು: "ಬಸ್ಸು ಇವತ್ತು ಹತ್ತು ನಿಮಿಷ ಲೇಟು." ಅದನ್ನು ಅವನು ನಾಲ್ಕು ಸಲ ಓದುತ್ತಿದ್ದ.

ಇವತ್ತು ಡಾಕಿನಲ್ಲಿದ್ದಾಗ ಅವಳ ಫೋನೇ ಬಂತು. ಸುತ್ತ ತುಕ್ಕು ಬಡಿಯುವ ಸುತ್ತಿಗೆಗಳ ಗದ್ದಲ.

"ಭಾನುವಾರ ಗಂಡು ಬರ್ತಿದಾನೆ, ನನ್ನ ನೋಡೋಕೆ."

"ಏನ್ ಬರ್ತೈತ್ರೀ?"

"ಗಂಡು! ಸಾಗರದ ಕಡೆಯವನು!"

ತಿಪ್ಪೇಶ ಎದೆಯೊಳಗಿದ್ದದ್ದನ್ನೆಲ್ಲ ಒಟ್ಟುಗೂಡಿಸಿ ಕೂಗಿದ: "ಬ್ಯಾಡ ಅನ್ರೀ! ನಾ ಆಗ್ತೀನಿ ನಿಮ್ಮನ್ನ ಮದುವಿ!"

ಅದೇ ಗಳಿಗೆಗೆ ಟೀ ಸೈರನ್ ಆಗಿ ಸುತ್ತಿಗೆಗಳೆಲ್ಲ ನಿಂತಿದ್ದವು. ಡಾಕಿಗೆ ಡಾಕೇ ಅವನತ್ತ ತಿರುಗಿತು. ಫೋನಿನ ಆ ಕಡೆಯಿಂದ ಗಂಡಸೊಬ್ಬರು ಕೆಮ್ಮಿದರು.

"ನಾನು ಕೆಂಪಪ್ಪ, ಅವಳ ಅಪ್ಪ. ನಮ್ಮೂರು ಕ್ಯಾಸನೂರಿಗೆ ಹಾಗೇ ಕೇಳ್ತಿತ್ತು, ಫೋನು ಯಾಕೆ ಬೇಕಿತ್ತು? ಎಲ್ಲಿ, ನಿನ್ನ ಹಡಗು ತೋರ್ಸು."

ತಿಪ್ಪೇಶ ವಿಡಿಯೋ ಹಚ್ಚಿದ.

"ನೀರೆಲ್ಲಪ್ಪ? ಒಣ ನೆಲದ ಮೇಲೆ ನಿಂತಿದೆಯಲ್ಲ!"

"ರಿಪೇರಿಗೆ ನೀರು ಖಾಲಿ ಮಾಡ್ಯಾರ್ರೀ."

ಕೆಂಪಪ್ಪ ನಗಲಿಲ್ಲ. "ಇರ್ಲಿ. ನೀನು ತಿಂಗಳುಗಟ್ಟಲೆ ಸಮುದ್ರದಲ್ಲಿದ್ರೆ ನನ್ನ ಮಗಳು ದಾರಿ ಕಾಯ್ತಾ ಕೂರಬೇಕಾ?"

ತಿಪ್ಪೇಶ ಬಾಯಿ ತೆರೆಯುವ ಮೊದಲೇ ಧನಲಕ್ಷ್ಮಿ ಫೋನ್ ಕಿತ್ತುಕೊಂಡಳು.

"ಕೂರೋಕೆ ನನಗೆಲ್ಲಿ ಪುರಸೊತ್ತು ಅಪ್ಪಾ? ನನಗೂ ಡ್ಯೂಟಿ ಇದೆ. ಇವರು ರಜೆಗೆ ಬಂದಾಗ ಅಡುಗೆ ಮಾಡಿಟ್ಟು ನನ್ನ ಕಾಯಲಿ."

"ಮಾಡ್ತೀನ್ರೀ," ಎಂದ ತಿಪ್ಪೇಶ, ಯಾರೂ ಕೇಳದಿದ್ದರೂ.

ಆಗ ಕೆಂಪಪ್ಪ ನಕ್ಕರು.

ಸಾಗರದ ಗಂಡಿಗೆ ಬೇಡವೆಂದು ಹೇಳಿಕಳಿಸಿದರು. ನಾಲ್ಕು ದಿನದ ರಜೆ ಪಡೆದ ತಿಪ್ಪೇಶ ಭಾನುವಾರ ತಾಯಿ ಲೋಕಮ್ಮನ ಜೊತೆ ಕ್ಯಾಸನೂರಿಗೆ ಬಂದ. ಹಿರಿಯರು ಮುಹೂರ್ತದ ಮಾತಿಗೆ ಕೂತಾಗ ಧನಲಕ್ಷ್ಮಿ ಹಿತ್ತಿಲ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕರೆದಳು. ಖಾಕಿಯ ಬದಲು ಹಸಿರು ಸೀರೆಯಲ್ಲಿದ್ದವಳತ್ತ ಅವನು ಎದ್ದು ಹೋದ.

"ಇನ್ಮೇಲೆ ನನ್ನ ಬಹುವಚನದಲ್ಲಿ ಕರೆಯೋದು ಬಿಡಿ. ಧನು ಅನ್ನಿ, ಸಾಕು."

ತಿಪ್ಪೇಶ ಒಮ್ಮೆ ನೆಲ ನೋಡಿದ, ಒಮ್ಮೆ ಅವಳನ್ನು.

"ಆಗ್ಲಿ, ಧನು," ಎಂದ. ತಡೆಯಲಾಗಲಿಲ್ಲ. "...ಅವ್ರೇ."